ಬೊಂಬಾಯಿಂದ ಅಡಿಸ್ ಅಬಾಬಕ್ಕೆ ಎಷ್ಟು ಪೂಜೆ?

ನಮ್ಮ ಮನೆಯಲ್ಲಿ ದೂರವನ್ನು ಮೈಲಿಯಲ್ಲಿ ಅಳೆದವರಿಲ್ಲ. ಅವ್ವನ ಪೂಜೆಯಲ್ಲಿ ಅಳೆಯುತ್ತಿದ್ದೆವು. ಬೆಳಗಿನ ಲಿಂಗಪೂಜೆ ಮುಗಿಸಿ ಹೊರಟು, ಸಂಜೆ ಹೊತ್ತು ಮುಳುಗುವಷ್ಟರಲ್ಲಿ ಮತ್ತೆ ಮಿಂದು ಪೂಜೆಗೆ ಕೂರಬೇಕು. ಅಷ್ಟರೊಳಗೆ ಎಲ್ಲಿಗೆ ಹೋಗಿ ಬರಬಹುದೋ ಅಲ್ಲಿಗೆ ಅವಳ ಪ್ರಪಂಚ ಮುಗಿಯಿತು. ನಮ್ಮ ಹನೂರಿನಿಂದ ಕೊಳ್ಳೇಗಾಲಕ್ಕೆ ಹೋಗಿಬಂದರೆ ಹೊತ್ತು ಮಿಕ್ಕುತ್ತಿತ್ತು. ಯಳಂದೂರು ಸರಿಸಮ. ಮೈಸೂರು ಅಂಚಿನಲ್ಲಿತ್ತು, ಬಸ್ಸು ಕೆಟ್ಟರೆ ಅಂಚು ದಾಟಿಬಿಡುತ್ತಿತ್ತು. ಪಾಲಾರ್ ಹೊಳೆಯ ಆಚೆಯದೆಲ್ಲ ಅವಳ ಪಾಲಿಗೆ ಫಾರಿನ್ನೇ. ಒಮ್ಮೆ ಮೈಸೂರಿನಿಂದ ಬರುವಾಗ ಬಸ್ಸು ನರಸೀಪುರದ ಹತ್ತಿರ ಕೆಟ್ಟು ನಿಂತಿತು. ಅವ್ವ ಇಳಿದು ಹೊಳೆಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ದಂಡೆಯ ಮೇಲೆ ಪೂಜೆಗೆ ಕೂತಳು. ಡ್ರೈವರು ರಿಪೇರಿ ಮುಗಿಸಿ ಹಾರನ್ನು ಒತ್ತೇ ಒತ್ತಿದ. ಅವಳು ಕಣ್ಣು ಬಿಡಲಿಲ್ಲ. ಕೊನೆಗೆ ಬಸ್ಸೇ ಕಾಯಿತು.

ಇದು ಬರೀ ಹಟವಲ್ಲ. ಅಕ್ಕ ಹುಟ್ಟಿದ ಹೊಸದರಲ್ಲಿ ಬಾಲಗ್ರಹ ಬಡಿದು ಮೈಯೆಲ್ಲ ನೀಲಿಗಟ್ಟಿತ್ತಂತೆ. ಅವ್ವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮಾದಪ್ಪನ ಬೆಟ್ಟದ ಕಡೆ ತಿರುಗಿ, ಈ ಕೂಸು ಉಳಿದರೆ ಅದು ಬದುಕಿರುವವರೆಗೂ ಎರಡು ಹೊತ್ತಿನ ಪೂಜೆ ತಪ್ಪಿಸುವುದಿಲ್ಲ ಎಂದು ಹರಕೆ ಕಟ್ಟಿಕೊಂಡಳು. ಕೂಸು ಉಳಿಯಿತು. ಉಳಿದದ್ದು ಮಾತ್ರವಲ್ಲ, ಬೆಳೆಯಿತು, ನನ್ನ ಜಡೆ ಎಳೆಯಿತು, ನನ್ನ ಪಾಲಿನ ಕೊಬ್ಬರಿ ಮಿಠಾಯಿ ತಿಂದಿತು, ಕೊನೆಗೆ ಒಬ್ಬ ಮೇಷ್ಟ್ರನ್ನು ಮದುವೆಯಾಗಿ ಇಥಿಯೋಪಿಯಾಕ್ಕೆ ಹೋಯಿತು. ಆಗ ಅಲ್ಲಿನ ಶಾಲೆಗಳಿಗೆ ಇಲ್ಲಿಂದ ಮೇಷ್ಟ್ರುಗಳನ್ನು ಕರೆಸಿಕೊಳ್ಳುತ್ತಿದ್ದರು. ಬಾವ ಅಡಿಸ್ ಅಬಾಬದಲ್ಲಿ ಲೆಕ್ಕದ ಮೇಷ್ಟ್ರು. ಲೆಕ್ಕದ ಮೇಷ್ಟ್ರು ಎನ್ನುವುದನ್ನು ಮರೆಯಬೇಡಿ, ನಮಗೆ ಬಂದ ಕಷ್ಟಕ್ಕೆಲ್ಲ ಅದೇ ಮೂಲ.

ಅರವತ್ತೆಂಟನೇ ಇಸವಿಯ ಬೇಸಿಗೆಗೆ ಮುಂಚೆ ಅಕ್ಕನ ಕಾಗದ ಬಂತು. ಮೊದಲಿನ ಎರಡು ಬಸುರೂ ನಿಂತಿರಲಿಲ್ಲ. ಮೂರನೆಯದು ನಿಂತಿದೆ, ಆದರೆ ವಿಮಾನವಾಗಲಿ ಹಡಗಾಗಲಿ ಹತ್ತಕೂಡದು ಎಂದು ಡಾಕ್ಟರು ಹೇಳಿದ್ದಾರೆ, ಹಾಗಾಗಿ ಬಾಣಂತನಕ್ಕೆ ತವರಿಗೆ ಬರುವ ಹಾಗಿಲ್ಲ. ಅವ್ವ ಇಲ್ಲಿಗೆ ಬಂದರೆ ನನಗೆ ಹೆದರಿಕೆಯಿಲ್ಲ, ಎಂದು ಬರೆದಿದ್ದಳು. ಬಾರದಿದ್ದರೆ ಏನು ಎನ್ನುವುದನ್ನು ಬರೆದಿರಲಿಲ್ಲ. ಕೆಳಗೆ ಬಾವನ ಮುತ್ತಿನಂಥ ಅಕ್ಷರ: ತಮ್ಮ ಜೊತೆಯ ಮೇಷ್ಟ್ರೊಬ್ಬರು ಹೆಂಡತಿಯೊಡನೆ ರಜೆಗೆ ಬಂದು ಕಾಶಿಯಾತ್ರೆಗೆ ಹೋಗಿದ್ದಾರೆ, ಬೊಂಬಾಯಿಯಲ್ಲಿ ಸಿಗುತ್ತಾರೆ, ಅತ್ತೆಯವರು ಅವರ ಜೊತೆ ಬರಲಿ. ವಿಮಾನ ಬೊಂಬಾಯಿಯಿಂದ ಬೆಳಿಗ್ಗೆ ಆರೂವರೆಗೆ ಹೊರಡುತ್ತದೆ, ಇಲ್ಲಿಗೆ ಬೆಳಿಗ್ಗೆ ಮೂರಕ್ಕೆ ಬಂದು ಇಳಿಯುತ್ತದೆ.

ಕಾಗದ ಓದಿದವಳು ನಾನು. ಎಸ್‌ಎಸ್‌ಎಲ್‌ಸಿ ಪಾಸು ಮಾಡಿ ಮನೆಯಲ್ಲಿ ಕೂತು, ಸಿಕ್ಕವರ ಮೇಲೆಲ್ಲ ಸಿಡುಕುತ್ತಿದ್ದ ಕಾಲ ಅದು. ಕೇಳಿಸಿಕೊಂಡವನು ದೊಡ್ಡಪ್ಪ, ಅಪ್ಪನ ಅಣ್ಣ, ಮನೆಯ ಯಜಮಾನ. ಬೀದಿಗೆಲ್ಲ ಕೈಗಡಿಯಾರ ಇದ್ದದ್ದು ಅವನೊಬ್ಬನಿಗೆ. ಕೊಳ್ಳೇಗಾಲದ ಬಸ್ಸು ನೋಡಿ ಅವನು ಗಡಿಯಾರ ತಿದ್ದಿಕೊಳ್ಳುತ್ತಿದ್ದ, ಅವನ ಗಡಿಯಾರ ಕೇಳಿ ಬಸ್ಸಿನ ಕಂಡಕ್ಟರು ಸೀಟಿ ಊದುತ್ತಿದ್ದ. ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ನಂಬಿಕೊಂಡು ವರ್ಷಗಟ್ಟಲೆ ತಪ್ಪು ಹೊತ್ತಿನಲ್ಲಿ ನೆಮ್ಮದಿಯಾಗಿದ್ದರು. ಅಪ್ಪ ಅಣ್ಣನ ಮಾತಿಗೆ ಹೂಂಗುಟ್ಟುವುದನ್ನು ಬಿಟ್ಟು ಬೇರೆ ಮಾತು ಕಲಿಯಲಿಲ್ಲ. ಇನ್ನು ಅವ್ವ, ನಮ್ಮ ಕಡೆಯ ರೂಢಿಯಂತೆ, ಗಂಡನ ಅಣ್ಣನ ಎದುರಿಗೆ ನಿಂತು ಮಾತಾಡುತ್ತಿರಲಿಲ್ಲ. ನಡುಮನೆಯ ಬಾಗಿಲ ಹಿಂದೆ ನಿಂತು, ಸೆರಗು ಎಳೆದುಕೊಂಡು, ಅಲ್ಲಿದ್ದ ಕಂಬಕ್ಕೆ ಹೇಳುತ್ತಿದ್ದಳು. ದೊಡ್ಡಪ್ಪನೂ ಅಷ್ಟೇ, ಅವಳಿಗೆ ಹೇಳುವುದನ್ನೆಲ್ಲ ಕಂಬಕ್ಕೇ ಹೇಳುತ್ತಿದ್ದ. ಮನೆಯ ಸಕಲ ವ್ಯವಹಾರವೂ ಆ ಕಂಬಕ್ಕೆ ಗೊತ್ತಿತ್ತು.

ದೊಡ್ಡಪ್ಪ ಗಡಿಯಾರ ಬಿಚ್ಚಿ ಅಂಗೈಲಿಟ್ಟುಕೊಂಡು ಬೆರಳು ಮಡಿಸಿದ. ಇವತ್ತು ಬೆಳಿಗ್ಗೆ ಆರೂವರೆ, ನಾಳೆ ಬೆಳಗಿನ ಜಾವ ಮೂರು. ಇಪ್ಪತ್ತೂವರೆ ಗಂಟೆ. ಆಮೇಲೆ ಕಂಬದ ಕಡೆ ತಿರುಗಿ, ನಡುವೆ ಒಂದು ಸಂಜೆ ಬತ್ತದಲ್ಲಪ್ಪ, ಅಂದ.

ವಿಮಾನದೊಳಗೆ ಮೀಯುವುದೆಲ್ಲಿ, ಪೂಜೆಗೆ ಕೂರುವುದೆಲ್ಲಿ? ಸಂಜೆಯ ಪೂಜೆ ತಪ್ಪಿದರೆ ಹರಕೆ ಮುರಿಯಿತು. ಯಾವ ಮಗಳ ಜೀವಕ್ಕೆ ಹರಕೆಯೋ ಅದೇ ಮಗಳ ಹೆರಿಗೆಗೆ ಹೊರಟಿರುವುದು. ಹೋದರೆ ಅವಳಿಗೆ ಕೇಡು, ಹೋಗದಿದ್ದರೆ ಅವಳೊಬ್ಬಳೇ. ಬಾಗಿಲ ಹಿಂದೆ ಅವ್ವನ ಬಳೆ ಸದ್ದು ನಿಂತುಹೋಯಿತು. ನನಗೆ ಅಳು ಬರಬೇಕಾಗಿತ್ತು, ಕೋಪ ಬಂತು. ಕಾಗದ ಬರೆದು ಕೇಳೋಣವೆಂದರೆ ಹೋಗಿ ಉತ್ತರ ಬರುವಷ್ಟರಲ್ಲಿ ಮಗುವೇ ಹುಟ್ಟಿ ಕೂತಿರುತ್ತದೆ. ಅಕ್ಕ ಹೋದಾಗ ಹಡಗಿನಲ್ಲಿ ಹೋಗಿದ್ದಳು, ಅವಳಿಗೂ ವಿಮಾನದ ಸುದ್ದಿ ಗೊತ್ತಿಲ್ಲ. ಕೊಳ್ಳೇಗಾಲದಲ್ಲಿ ನನಗೆ ಭೂಗೋಳ ಹೇಳಿಕೊಟ್ಟ ಮೇಷ್ಟ್ರಿದ್ದಾರೆ, ಕೇಳಿಕೊಂಡು ಬರ್ತೀನಿ ಅಂದೆ. ನಿನ್ನ ತಲೆ ಸವರ್ತಾರೆ, ನಾನೂ ಬತ್ತೀನಿ ನಡಿ, ಎಂದು ದೊಡ್ಡಪ್ಪ ಪೇಟ ಸುತ್ತಿಕೊಂಡ.

ಭೂಗೋಳದ ಮೇಷ್ಟ್ರು ಶಾಲೆಯ ಗೋಳ ತಂದು ಮೇಜಿನ ಮೇಲಿಟ್ಟರು. ತಲೆತಲಾಂತರದ ಹುಡುಗರು ಬೆರಳಿಟ್ಟು ತಿರುಗಿಸಿ ತಿರುಗಿಸಿ ಆಫ್ರಿಕಾದ ಆ ಭಾಗವೆಲ್ಲ ಸವೆದು ಬೆಳ್ಳಗಾಗಿತ್ತು. ಅಕ್ಕ ಇದ್ದ ದೇಶವೇ ಅಳಿಸಿಹೋಗಿತ್ತು. ಇಲ್ಲೆಲ್ಲೋ ಬರಬೇಕು, ಎಂದು ಮೇಷ್ಟ್ರು ಸೀಮೆಸುಣ್ಣದಲ್ಲಿ ಚುಕ್ಕಿಯಿಟ್ಟು, ದಾರ ಹಿಡಿದು ಅಳೆದರು. ಎರಡು ಸಾವಿರದ ನಾನೂರು ಮೈಲಿಯ ಆಸುಪಾಸು, ಈಗಿನ ಜೆಟ್ ವಿಮಾನಕ್ಕೆ ಐದು ಗಂಟೆಯ ದಾರಿ ಅಂದರು. ಪಶ್ಚಿಮಕ್ಕೆ ಹೋದಷ್ಟೂ ಹೊತ್ತು ತಡವಾಗಿ ಹುಟ್ಟುವುದರಿಂದ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ, ಅದೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಇಳಿಯುತ್ತಾರೆ, ಎಂದೂ ಹೇಳಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ದೊಡ್ಡಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡು ಗೋಳವನ್ನೇ ನೋಡುತ್ತಿದ್ದ.

"ಸಾ, ಹನೂರಿಂದ ಕೊಳ್ಳೇಗಾಲಕ್ಕೆ ಒಸಿ ದಾರ ಇಡಿ ನೋಡಾನ," ಅಂದ.

ಅದನ್ನೆಲ್ಲ ಇದರ ಮೇಲೆ ಅಳೆಯಲಿಕ್ಕಾಗುವುದಿಲ್ಲ, ಎರಡೂ ಊರು ಒಂದೇ ಚುಕ್ಕಿಯೊಳಗೆ ಬಂದುಬಿಡುತ್ತವೆ, ಎಂದು ಮೇಷ್ಟ್ರು ನಕ್ಕರು.

"ಅಂಗಾರೆ ದೂರವೇ ಇಲ್ಲ. ಆದ್ರೂ ನಮ್ಮ ಬಸ್ಸು ಎರಡು ಗಂಟೆ ತಕತದಲ್ಲ ಸಾ?"

ಮೇಷ್ಟ್ರು ದಾರ ಸುತ್ತಿ ಜೇಬಿಗಿಟ್ಟುಕೊಂಡರು. ದೊಡ್ಡಪ್ಪ ಗೆದ್ದ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಬುದ್ಧಿ ಹೇಳಿದ. ದಾರದ ಲೆಕ್ಕ ಬೇರೆ, ದಾರಿಯ ಲೆಕ್ಕ ಬೇರೆ. ದಾರಕ್ಕೆ ಯಾರೂ ಕೈ ಅಡ್ಡ ಹಾಕುವುದಿಲ್ಲ, ದಾರದ ಮೇಲೆ ಯಾರೂ ಮೇಕೆ ಹತ್ತಿಸುವುದಿಲ್ಲ. ಅಲ್ಲದೆ ಮೇಷ್ಟ್ರು ಒಂಬತ್ತು ಅಂತಾರೆ, ಅಳಿಯಂದಿರು ಮೂರು ಅಂತ ಬರೆದವ್ರೆ. ಭೂಗೋಳದೋನು ಎಲ್ಲಿ, ಲೆಕ್ಕದೋನು ಎಲ್ಲಿ? ಲೆಕ್ಕದ ಮೇಷ್ಟ್ರು ಗಂಟೆ ತಪ್ಪು ಬರೆದಾರಾ? ಹಲ್ಲು ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂತೆ.

ಮುಂದಿನ ಸೋಮವಾರ ಯಳಂದೂರಿನ ಅಯ್ಯನವರ ಹತ್ತಿರ ಹೋದದ್ದಾಯಿತು. ಅವ್ವನಿಗೆ ಲಿಂಗದೀಕ್ಷೆ ಕೊಟ್ಟವರು ಅವರ ತಂದೆ. ಅಯ್ಯನವರು ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರರು. ಕಣ್ಣು ಮುಚ್ಚಿ ಒಂದಿಷ್ಟು ಯೋಚಿಸಿ, ಆಪತ್ಕಾಲಕ್ಕೆ ಮಾನಸ ಪೂಜೆ ಉಂಟು, ಕೂತಲ್ಲೇ ಮನಸ್ಸಿನಲ್ಲಿ ಮಿಂದು, ಮನಸ್ಸಿನಲ್ಲೇ ಪತ್ರೆ ಏರಿಸಿದರೆ ಸಲ್ಲುತ್ತದೆ, ಎಂದು ದಾರಿ ತೋರಿಸಿದರು. ಅಪ್ಪ ಹೂಂಗುಟ್ಟಿದ. ದೊಡ್ಡಪ್ಪನೂ ಸಮಾಧಾನದಿಂದ ಉಸಿರುಬಿಟ್ಟ. ಅವ್ವ ಅಯ್ಯನವರ ಮನೆಯ ಕಂಬ ಹುಡುಕಿಕೊಂಡು ಅದಕ್ಕೆ ಹೇಳಿದಳು:

"ಮನಸ್ನಾಗೆ ಉಂಡ್ರೆ ಒಟ್ಟೆ ತುಂಬ್ತದಾ?"

ಅಲ್ಲಿಗೆ ಅದೂ ಮುಗಿಯಿತು. ನಾನು ಅವತ್ತು ಅವ್ವನ ಮೇಲೂ ರೇಗಿದೆ. ದೇವರೇ ಬಾಗಿಲು ತೆಗೆದರೆ ಕದ ಎಳೆದುಕೊಳ್ತಾಳಲ್ಲ, ಇವಳಿಗೇನು ಬಂದಿದೆ ಧಾಡಿ ಎಂದು.

ಕೊನೆಗೆ ಅಪ್ಪ, ಜೀವಮಾನದಲ್ಲಿ ಮೊದಲ ಸಲ ಅಣ್ಣನನ್ನು ಕೇಳದೆ, ನನ್ನನ್ನು ಕೊಳ್ಳೇಗಾಲದ ಪೋಸ್ಟಾಫೀಸಿಗೆ ಕರೆದುಕೊಂಡು ಹೋಗಿ ಬಾವನಿಗೆ ತಂತಿ ಕೊಡಿಸಿದ. ಬೆಳಿಗ್ಗೆ ಮೂರು ಎಂದರೆ ಅದೇ ದಿನವೋ ಮಾರನೆಯ ದಿನವೋ? ಇಷ್ಟೇ ಕೇಳಿದ್ದು. ಎಷ್ಟು ಗಂಟೆ ಪ್ರಯಾಣ ಎಂದು ನೇರವಾಗಿ ಕೇಳಬಹುದಿತ್ತು. ಹೊಳೆಯಲಿಲ್ಲ, ಏನು ಮಾಡುವುದು? ಉತ್ತರ ಬಂತು. ಅದೇ ದಿನ, ಬೆಳಿಗ್ಗೆ ಮೂರಕ್ಕೆ.

ಆರೂವರೆಗೆ ಹೊರಟು, ಅದೇ ದಿನ ಮೂರಕ್ಕೆ ಇಳಿಯುವುದು. ಅಂದರೆ ಹೊರಡುವುದಕ್ಕೆ ಮೂರೂವರೆ ಗಂಟೆ ಮುಂಚೆಯೇ ತಲುಪುವುದು.

ನಾನು ತಲೆ ಚಚ್ಚಿಕೊಂಡೆ. ಆದರೆ ದೊಡ್ಡಪ್ಪ ಆ ತಂತಿಯನ್ನು ಜಗಲಿಯ ಮೇಲೆ ಕೂತು ಎರಡು ದಿನ ಧ್ಯಾನಿಸಿ, ಆಗಬೌದು, ಅಂದ. ಐವತ್ತಾರರಲ್ಲಿ ಏನಾಯಿತು? ಕೊಳ್ಳೇಗಾಲ ತಾಲ್ಲೂಕು ಒಂದು ರಾತ್ರಿ ಮದರಾಸಿನಲ್ಲಿ ಮಲಗಿ ಬೆಳಿಗ್ಗೆ ಮೈಸೂರಿನಲ್ಲಿ ಎದ್ದಿತು. ನಾವು ಹಟ್ಟಿ ಬಿಟ್ಟು ಕದಲಿದೆವಾ? ಇಲ್ಲ. ಎಷ್ಟು ಹೊತ್ತು ಹಿಡಿಯಿತು? ಏನೂ ಇಲ್ಲ. ಗೋರ್ಮೆಂಟಿನವರು ಮನಸ್ಸು ಮಾಡಿದರೆ ಊರನ್ನೇ ಕದಲಿಸದೆ ಕದಲಿಸುತ್ತಾರೆ, ಒಂದು ವಿಮಾನವನ್ನು ಒಸಿ ಮುಂಚೆ ಇಳಿಸುವುದು ಯಾವ ಹೆಚ್ಚು? ಜಗಲಿಯಲ್ಲಿ ಕೂತಿದ್ದ ಅಜ್ಜೀಪುರದ ನೆಂಟರು, ಹೌದೌದು, ಮದರಾಸಿನ ಕಾಲದಲ್ಲಿ ಹಿಂಗಿರಲಿಲ್ಲ, ಅಂದರು. ಅಕ್ಕ ಹಿಂದೆ ಬರೆದಿದ್ದ ಇನ್ನೊಂದು ಸುದ್ದಿ ಯಾರಿಗೋ ಅದೇ ಹೊತ್ತಿಗೆ ನೆನಪಾಗಬೇಕೆ! ಆ ದೇಶದ ಪಂಚಾಂಗ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದಂತೆ. ಇಲ್ಲಿ ಅರವತ್ತೆಂಟಾದರೆ ಅಲ್ಲಿ ಇನ್ನೂ ಅರವತ್ತು. ದೊಡ್ಡಪ್ಪನ ಮುಖ ಮತ್ತೆ ಕಪ್ಪಿಟ್ಟಿತು. ಅರವತ್ತರಲ್ಲಿ ನಮ್ಮುಡುಗಿಗೆ ಮದುವೇನೇ ಆಗಿರಲಿಲ್ಲವಲ್ಲ, ಬಾಣಂತನಕ್ಕೆ ಓಗಿ ಮಾಡೋದೇನು, ಎಂದು ಕಂಬವನ್ನು ಕೇಳಿದ.

ಆಗ ಬಾಗಿಲ ಹಿಂದಿನಿಂದ ಅವ್ವ ಹೊರಗೆ ಬಂದಳು. ಕಂಬ ದಾಟಿದಳು. ದೊಡ್ಡಪ್ಪನ ಎದುರಿಗೆ ಬಂದು, ಸೆರಗು ತಲೆಯ ಮೇಲಿದ್ದಂತೆಯೇ, ಮುಖ ನೋಡಿಕೊಂಡು ನಿಂತಳು. ದೊಡ್ಡಪ್ಪ ಗಾಬರಿಯಾಗಿ ಎದ್ದು ನಿಂತ. ಅವನ ಮನೆಗೆ ಅವಳು ಸೊಸೆಯಾಗಿ ಬಂದು ಎಷ್ಟು ವರ್ಷವಾಗಿತ್ತೋ, ಅವಳ ಮುಖವನ್ನು ಅಷ್ಟು ಹತ್ತಿರದಿಂದ ಅವನು ನೋಡಿದ್ದು ಅವತ್ತೇ ಇರಬೇಕು.

"ನಾನು ಗಡಿಯಾರ ನೋಡಿ ಪೂಜೆ ಮಾಡ್ದೋಳಲ್ಲ ಬಾವ, ಒತ್ತು ನೋಡಿ ಮಾಡ್ದೋಳು," ಅಂದಳು. "ಇಮಾನಕ್ಕೆ ಕಿಟಕಿ ಅದಂತಲ್ಲ. ಒತ್ತು ಇಳೀತಾ ಬಂದ್ರೆ ನಿಲ್ಸು ಅಂತೀನಿ."

ಅದು ಬಸ್ಸಲ್ಲ ಕಣವ್ವಾ, ನಡುವೆ ನಿಲ್ಲಿಸಲ್ಲ, ಎಂದು ದೊಡ್ಡಪ್ಪ ತೊದಲಿದ.

"ಬಸ್ಸಿನೋನೂ ಮೊದ್ಲು ಅಂಗೇ ಅಂತಾನೆ," ಅಂದಳು ಅವ್ವ. "ನನ್ ಮಗ ಕರೀತಾ ಅವ್ಳೆ. ನಾನು ಓಯ್ತೀನಿ."

ನಮ್ಮ ಕಡೆ ಮಗಳನ್ನು ಮಗ ಎಂದು ಕರೆಯುವುದು ಪ್ರೀತಿ ಮೀರಿದಾಗ ಮಾತ್ರ. ದೊಡ್ಡಪ್ಪನ ಕಣ್ಣು ಅಭ್ಯಾಸದಿಂದ ಕಂಬದ ಕಡೆ ಹೋಯಿತು, ಅದೂ ಸುಮ್ಮನಿತ್ತು.

ಹೊರಡುವ ಸಡಗರ ಹೇಳತೀರದು. ಬಾಣಂತಿ ಖಾರದ ಸಾಮಾನು, ರಾಗಿ ಹಿಟ್ಟು, ಒಣಗಿಸಿದ ಬಿಲ್ವಪತ್ರೆ, ಬೆಟ್ಟದ ವಿಭೂತಿ, ನೀರಿಗೆ ಹಿತ್ತಾಳೆ ಚೊಂಬು. ಎದೆಯ ಮೇಲೆ ಕರಡಿಗೆಯೊಳಗೆ ಲಿಂಗ. ಅಪ್ಪ ಬೊಂಬಾಯಿಯವರೆಗೆ ರೈಲಿನಲ್ಲಿ ಹೋದ. ಆ ದಾರಿಯುದ್ದಕ್ಕೂ ಸ್ಟೇಷನ್ನಿನ ನಲ್ಲಿಗಳ ಕೆಳಗೆ ಅವ್ವ ಹೇಗೆ ಮಿಂದಳು, ಯಾವ ಯಾವ ಪ್ಲಾಟ್‌ಫಾರಮ್ಮಿನ ಮೂಲೆಯಲ್ಲಿ ಅಪ್ಪ ಪಂಚೆ ಬಿಡಿಸಿ ಮರೆ ಹಿಡಿದು ನಿಂತ, ಎಲ್ಲಿ ರೈಲು ಸೀಟಿ ಹಾಕಿತು, ಅವೆಲ್ಲ ಅಪ್ಪ ವಾಪಸು ಬಂದು ಹೇಳಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಂದೂ ಪೂಜೆ ತಪ್ಪಿರಲಿಲ್ಲ. ವಿಮಾನ ಹತ್ತುವ ದಿನ ಇನ್ನೂ ಕತ್ತಲಿರುವಾಗಲೇ ಛತ್ರದಲ್ಲಿ ಬೆಳಗಿನ ಪೂಜೆ ಮುಗಿಸಿದ್ದಳು. ಕಾಶಿಯಿಂದ ಬಂದ ಮೇಷ್ಟ್ರು ದಂಪತಿಗಳನ್ನು ಕಂಡು ಅಪ್ಪ ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳಲಿಲ್ಲವೇ? ಕೇಳಲಿಲ್ಲವಂತೆ. ಅವರು ಇಪ್ಪತ್ತು ಅಂದುಬಿಟ್ಟಿದ್ದರೆ ಕಳಿಸಲಿಕ್ಕೆ ನನಗೆ ಧೈರ್ಯ ಬರ್ತಿರಲಿಲ್ಲ, ಅಂದ.

ಆ ದಿನ ಹನೂರಿನಲ್ಲಿ ದೊಡ್ಡಪ್ಪ ಉಣ್ಣಲಿಲ್ಲ. ಕೇಳಿದರೆ ಹೊಟ್ಟೆ ಸರಿಯಿಲ್ಲ ಅಂದ. ಸಂಜೆ ಹೊತ್ತು ಮುಳುಗುವಾಗ ಜಗಲಿಯಿಂದ ಇಳಿದು ಬೀದಿಯ ನಡುವೆ ನಿಂತು, ಪಡುವಣ ದಿಕ್ಕಿಗೆ ನೋಡುತ್ತಿದ್ದ. ಗಡಿಯಾರವನ್ನು ಒಂದು ಸಲವೂ ನೋಡಲಿಲ್ಲ. ಅವನ ಮೇಲೆ ತಿಂಗಳಿಂದ ಕುದಿಯುತ್ತಿದ್ದ ನನ್ನ ಕೋಪ ಆಗ ಇಳಿಯಿತು.

ಅಕ್ಕನ ಕಾಗದ ಬಂದ ಮೇಲೆ ಗೊತ್ತಾಯಿತು. ವಿಮಾನ ಹೊರಟದ್ದು ಆರೂವರೆಗೆ, ಹಾರಿದ್ದು ಐದೇ ಗಂಟೆ, ಅಲ್ಲಿ ಇಳಿದಾಗ ವಿಮಾನ ನಿಲ್ದಾಣದ ಗಡಿಯಾರದಲ್ಲಿ ಭೂಗೋಳದ ಮೇಷ್ಟ್ರು ಹೇಳಿದಂತೆ ಒಂಬತ್ತು. ಆದರೆ ಹೊರಗಿನ ಊರಿಗೆ ಅದು ಮೂರು. ಆ ದೇಶದ ಜನ ನಡುರಾತ್ರಿಯಿಂದ ಗಂಟೆ ಎಣಿಸುವುದಿಲ್ಲ, ಹೊತ್ತು ಹುಟ್ಟಿದಾಗಿನಿಂದ ಎಣಿಸುತ್ತಾರೆ. ಹೊತ್ತು ಮೂಡಿ ಒಂದು ಗಂಟೆಯಾದರೆ ಅವರಿಗೆ ಒಂದು, ಮೂರಾದರೆ ಮೂರು. ಬಾವ ನಾಲ್ಕು ವರ್ಷ ಅಲ್ಲಿದ್ದು ಆ ಲೆಕ್ಕ ಎಷ್ಟು ರೂಢಿಯಾಗಿತ್ತೆಂದರೆ, ಹೊರಡುವ ಹೊತ್ತನ್ನು ಬೊಂಬಾಯಿಯ ಲೆಕ್ಕದಲ್ಲೂ ತಲುಪುವ ಹೊತ್ತನ್ನು ತಮ್ಮ ಬೀದಿಯ ಲೆಕ್ಕದಲ್ಲೂ ಬರೆದುಬಿಟ್ಟಿದ್ದರು. ತಂತಿಯಲ್ಲೂ ಅದನ್ನೇ ಹೊಡೆದರು. ಲೆಕ್ಕದ ಮೇಷ್ಟ್ರಿಗೆ ನಾನು ಬರೆದ ಉತ್ತರವನ್ನು ಇಲ್ಲಿ ಹಾಕುವುದಿಲ್ಲ, ಹೆಣ್ಣುಮಕ್ಕಳು ಬಾವನಿಗೆ ಬರೆಯುವಂಥದ್ದಲ್ಲ ಅದು.

ಅವ್ವ ಮಾತ್ರ ಅಲ್ಲಿಗೆ ಇಳಿದ ದಿನವೇ ಹೊಂದಿಕೊಂಡುಬಿಟ್ಟಳಂತೆ. ಇದು ನಮ್ಮೂರ ಲೆಕ್ಕವೇ ಅಲ್ವಾ, ಇದರಲ್ಲಿ ತಿಳಿಯದೆ ಇರೋದೇನು, ಅಂದಳಂತೆ. ಅವಳು ಹುಟ್ಟಿದಾಗಿನಿಂದ ಹೊತ್ತು ಹುಟ್ಟಿ ಇಷ್ಟು ಗಳಿಗೆ, ಹೊತ್ತು ಮುಳುಗಿ ಇಷ್ಟು ಗಳಿಗೆ ಎಂದೇ ಎಣಿಸಿದವಳು. ಕೈಗಡಿಯಾರ ಕಟ್ಟಿದ್ದ ಬಾವನೇ ಎರಡು ಲೆಕ್ಕದ ನಡುವೆ ಒದ್ದಾಡುತ್ತಿದ್ದದ್ದು.

ಬೇಸಿಗೆ ಕಳೆಯುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ತಂತಿ ಬಂತು. ದೊಡ್ಡಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದ. ಅವ್ವ ಕಾರ್ತೀಕದಲ್ಲಿ ವಾಪಸು ಬಂದಳು, ಒಂದಿಷ್ಟು ಬೆಳ್ಳಗಾಗಿ, ಆ ದೇಶದ ಬಿಳಿ ಹತ್ತಿ ಶಾಲು ಹೊದ್ದುಕೊಂಡು. ಅಷ್ಟರಲ್ಲಿ ದೊಡ್ಡಪ್ಪ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನವರೆಗೂ ಸುದ್ದಿ ಹಬ್ಬಿಸಿದ್ದ: ಬೊಂಬಾಯಿಂದ ಅಡಿಸ್ ಅಬಾಬಕ್ಕೆ ಒಂದು ಪೂಜೆಯ ದೂರವೂ ಇಲ್ಲ, ಮೈಸೂರಿಗಿಂತ ಹತ್ತಿರ, ನಾನು ಮೊದಲೇ ಹೇಳಿದ್ದೆ. ಮೊದಲೇ ಹೇಳಿದ್ದನಂತೆ! ನಾನು ಬಾಯಿ ತೆರೆದೆ, ಅವ್ವ ಕಣ್ಣಲ್ಲೇ ಗದರಿಸಿದಳು.

ಅವತ್ತು ಸಂಜೆ ದೊಡ್ಡಪ್ಪ ಜಗಲಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು, ಕಂಬದ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದ: ಏನವ್ವಾ, ಪೂಜೆಯೇನಾದರೂ ತಪ್ತಾ?

ಅವ್ವ ಮತ್ತೆ ಬಾಗಿಲ ಹಿಂದೆ ತನ್ನ ಜಾಗದಲ್ಲಿ ನಿಂತಿದ್ದಳು. "ಇಮಾನದಾಗೆ ತಪ್ಲಿಲ್ಲ," ಎಂದು ಕಂಬಕ್ಕೆ ಹೇಳಿದಳು.

ಜಗಲಿಯವರೆಲ್ಲ ತಲೆದೂಗಿದರು. ನನಗೆ ಮಾತ್ರ ಆ ಮಾತು ಚುಚ್ಚಿತು. ಮಾರನೆಯ ದಿನ ಇಬ್ಬರೇ ಹಿತ್ತಿಲಲ್ಲಿ ರಾಗಿ ಹಸನು ಮಾಡುವಾಗ ಕೇಳಿದೆ. ಅವ್ವ ಮೊರ ನಿಲ್ಲಿಸಲಿಲ್ಲ. ಅಕ್ಕನಿಗೆ ನೋವು ಶುರುವಾದದ್ದು ಹೊತ್ತು ಇಳಿಯುವಾಗ, ಅಂದಳು. ಮಿಂದು ಬರ್ತೀನಿ ಇರು ಎಂದು ಏಳಲು ಹೋದರೆ ಅಕ್ಕ ಸೆರಗು ಹಿಡಿದುಕೊಂಡಳಂತೆ, ಬಿಟ್ಟು ಹೋಗಬೇಡ ಎಂದಳಂತೆ. ಕಿಟಕಿಯಲ್ಲಿ ಹೊತ್ತು ಮುಳುಗುವುದು ಕಾಣುತ್ತಲೇ ಇತ್ತಂತೆ. ಅವ್ವ ನೋಡುತ್ತಲೇ ಕೂತಳಂತೆ, ಏಳಲಿಲ್ಲವಂತೆ.

ಇಪ್ಪತ್ತೂವರೆ ಗಂಟೆ ಎಂದು, ಐದು ಗಂಟೆ ಎಂದು, ದಾರ ಹಿಡಿದು, ತಂತಿ ಕೊಟ್ಟು, ಯಾವ ಒಂದು ಸಂಜೆಗೆ ನಾವೆಲ್ಲ ಅಷ್ಟು ಹೆದರಿದ್ದೆವೋ ಆ ಸಂಜೆ ಅಲ್ಲಿ ಹೋಗಿ ಕಾದು ಕೂತಿತ್ತು. "ಹರಕೆ?" ಅಂದೆ. "ಮಾದಪ್ಪ ಏನಂದ್ಕೊಂಡನೋ?"

ಅವ್ವ ಮೊರವನ್ನು ಒಮ್ಮೆ ಜೋರಾಗಿ ಕೇರಿ, ಹೊಟ್ಟು ಹಾರಿಸಿದಳು.

"ಅವ್ನೂ ಒಬ್ಬ ಅವ್ವ ಎತ್ತ ಮಗನೇ ಅಲ್ವಾ," ಅಂದಳು. "ಸುಮ್ಕಿದ್ದ."